ಗುಂಡಿ ಡಬ್ಬಿಯಲ್ಲಿ ಒಂದು ಚೂರು

ಹದಿನಾಲ್ಕು ಹೊಲಿಗೆ ಹಾಕಿದ್ದರು ಮೇಸ್ತ್ರಿಯ ಹೊಟ್ಟೆಗೆ.
ನಾನಾಗಿದ್ದರೆ ಹದಿನೆಂಟು ಹಾಕುತ್ತಿದ್ದೆ,
ಇನ್ನೂ ಒತ್ತಾಗಿ,
ಅಂದುಕೊಂಡೆ ಕ್ವೀನ್ಸ್ ರಸ್ತೆಯ ಆಸ್ಪತ್ರೆ ಬೆಂಚಿನ ಮೇಲೆ,
ಅಳು ಬಾರದಿರಲಿ ಎಂದು ಲೆಕ್ಕ ಹಾಕುತ್ತ.

ಮೂಳೆ ಹಾಕಿದವಳು ನಾನೇ.
ಭಾನುವಾರ. ಆಸ್ಟಿನ್ ಟೌನಿನ ನಮ್ಮ ಬೀದಿಗೆಲ್ಲ ಮಸಾಲೆಯ ಘಮ.
ಮೇಲ್ಮನೆಯ ಪುನೀತವಲ್ಲಿಯ ನಿಶ್ಚಿತಾರ್ಥ,
ದೊನ್ನೆ ಬಿರಿಯಾನಿ.
ಉಳಿದ ಕೋಳಿಮೂಳೆಯನ್ನೆಲ್ಲ ಪೇಪರಿನಲ್ಲಿ ಸುತ್ತಿ ತಂದು
"ಬಾರೋ, ನಿನಗೂ ಇವತ್ತು ಹಬ್ಬ" ಎಂದೆ.
ಕಟಕಟ ಅಗಿದ.
ಆ ಸದ್ದು ನನಗೆ
ಸಂತೋಷದ ಸದ್ದಾಗಿ ಕೇಳಿತ್ತು.

ಮೇಸ್ತ್ರಿ ಅಂದರೆ
ಎದುರಿನ ಕಟ್ಟಡ ಏಳುವಾಗ ಮರಳ ರಾಶಿಯ ಮೇಲೆ ಕೂತು
ಎಲ್ಲರಿಂದ ಕೆಲಸ ತೆಗೆಸುತ್ತಿದ್ದ ನಾಯಿ.
ಕಟ್ಟಡ ಮುಗಿಯಿತು, ಕೂಲಿಯವರು ಗಂಟು ಕಟ್ಟಿದರು,
ಇವನು ನನ್ನ ಅಂಗಡಿಗೆ ಬಂದು
ಹೊಲಿಗೆ ಮಿಷನ್ನಿನ ಪೆಡಲಿನ ಪಕ್ಕ
ಡ್ಯೂಟಿಗೆ ಸೇರಿಕೊಂಡ.

ಡಾಕ್ಟರಮ್ಮ ಚೂರನ್ನು ಹತ್ತಿಯಲ್ಲಿಟ್ಟು ತೋರಿಸಿದರು.
ಸೂಜಿಯಷ್ಟು ಉದ್ದ. ತುದಿಯೂ ಸೂಜಿಯದೇ.
ಮೂವತ್ತೊಂದು ವರ್ಷ ಸೂಜಿ ಹಿಡಿದ ಕೈ
ಗುರುತು ಹಿಡಿಯಲಿಲ್ಲವಲ್ಲ.

ಎರಡು ತಿಂಗಳು ಗಂಜಿ, ಮೊಸರು, ಸಪ್ಪೆ.
ಆಮೇಲೆ ಡಾಕ್ಟರಮ್ಮನನ್ನು ಕೇಳಿಕೊಂಡೇ
ಹೋದೆ ಜಾನ್ಸನ್ ಮಾರ್ಕೆಟ್ಟಿಗೆ, ಸತ್ತಾರ್ ಭಾಯಿಯ ಹತ್ತಿರ.
"ಮೂಳೆ ಸೂಪಿಗಾ?"
"ಅಲ್ಲ, ಮೇಸ್ತ್ರಿಗೆ."
"ಯಾವ ಸೈಟು? ಎಷ್ಟು ಜನಕ್ಕೆ?"
ನಕ್ಕೆ. ಎರಡು ತಿಂಗಳಾಗಿತ್ತು ನಕ್ಕು.

ಕತ್ತಿ ಕೆಳಗಿಟ್ಟು ಪೂರ್ತಿ ಕೇಳಿದ.
"ಬೆಂದ ಮೂಳೆ ಬಳೆಚೂರು ಅಮ್ಮಾ,
ಹಸಿದು ಬೇವಿನಕಡ್ಡಿ.
ಒಂದು ಒಡೀತದೆ, ಒಂದು ಸವೀತದೆ.
ಕಾಲಿನ ನಳಿಕೆ ಮಾತ್ರ ಬೇಡ, ಕಲ್ಲು ಅದು,
ಹಲ್ಲು ಹೋಗ್ತದೆ, ನೋಡಿ,"
ಎಂದು ತನ್ನದೇ ಮುಕ್ಕು ಹಲ್ಲು ತೋರಿಸಿದ.
(ಅವನದು ಹೇಗೆ ಹೋಯಿತೆಂದು ಕೇಳಲಿಲ್ಲ.)
ಕೀಲಿನ ಗೆಣ್ಣು ತೆಗೆದ. ಸುತ್ತ ಮೆತ್ತಗಿನ ಬಿಳಿ, ಅಂಟಿದ ಮಾಂಸ,
ಬೆಳಗ್ಗೆ ಕಡಿದದ್ದು.

ಟೇಪು ತೆಗೆದೆ ಬ್ಯಾಗಿನಿಂದ.
ಬಾಯಿಯ ಅಳತೆ ಮನೆಯಲ್ಲೇ ತಗೊಂಡಿದ್ದೆ.
ಬ್ಲೌಸು ಮೈಗೆ ಸರಿಯಾಗಿ ಕೂರಬೇಕು,
ಮೂಳೆ ಬಾಯಿಗೆ ಸರಿಯಾಗಿ ಕೂರಕೂಡದು.
"ಇನ್ನೊಂದು ಸೈಜು ದೊಡ್ಡದು ಕೊಡಿ" ಅಂದೆ.
ಕ್ಯೂನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು.

ಈಗ ಗುರುವಾರ ಗುರುವಾರ, ಹದಿನೈದು ನಿಮಿಷ.
ಶಟರು ಅರ್ಧ ಇಳಿಸುತ್ತೇನೆ,
ಪಕ್ಕದ ಗಲ್ಲಿಯ ಕಂದು ನಾಯಿಗೆ ಹೊಟ್ಟೆಕಿಚ್ಚು ಜಾಸ್ತಿ.
ಮಿಷನ್ ನಿಲ್ಲಿಸಿ ಮೆಟ್ಟಿಲ ಮೇಲೆ ಕೂರುತ್ತೇನೆ.
ಫೋನು ಬಂದರೆ ಎತ್ತುವುದಿಲ್ಲ.
ಎರಡು ಪಂಜದ ನಡುವೆ ಅದನ್ನು ನಿಲ್ಲಿಸಿ
ಕಣ್ಣು ಅರ್ಧ ಮುಚ್ಚಿ ಅವನು ಕೆರೆಯುತ್ತಾನೆ.
ಒಡೆದ ಸದ್ದಿಲ್ಲ. ಮರಕ್ಕೆ ಉಜ್ಜುಗಾಗದ ಹಾಕಿದಂತೆ
ಸವೆಯುವ ಸದ್ದು.

ಕೊಡುವುದು ಸುಲಭ.
ಮೂಳೆ ಮುಷ್ಟಿಯಷ್ಟಾದಾಗ ವಾಪಸು ಕೇಳಬೇಕಲ್ಲ,
ಅದು ಕಷ್ಟ.
ಮೊದಲ ಗುರುವಾರ ಗುರ್ರೆಂದ. ನನ್ನ ಮೇಲೆ!
ಕಿತ್ತುಕೊಳ್ಳಲಿಲ್ಲ.
ಬೇಯಿಸಿದ ಲಿವರಿನ ತುಂಡು ತೋರಿಸಿ ಕಾದೆ.
ಗೇಟಿನ ಆಚೆ ಎರಡು ಆಟೋ ಹೋದವು, ಒಂದು ತರಕಾರಿ ಗಾಡಿ ಹೋಯಿತು.
ತುಂಬಾ ಯೋಚಿಸಿ
ಮೂಳೆಯನ್ನು ನನ್ನ ಚಪ್ಪಲಿಯ ಪಕ್ಕ ಇಟ್ಟ,
ಲೆಕ್ಕ ಒಪ್ಪಿಸುವವನಂತೆ.

ಮೊನ್ನೆ ಪುನೀತವಲ್ಲಿ ಬಂದಿದ್ದಳು,
ಮದುವೆಯ ಬ್ಲೌಸಿಗೆ ಗುಂಡಿ ಆರಿಸಲು.
ಡಬ್ಬಿ ಸುರಿದುಕೊಂಡು ಹುಡುಕುತ್ತ
ಹತ್ತಿಯೊಳಗಿನದನ್ನು ಎತ್ತಿ ಹಿಡಿದಳು:
"ಇದೇನಾಂಟಿ?"

ಅವಳ ಹಬ್ಬದ್ದೇ ಅದು ಎಂದು ಹೇಳಲಾಗಲಿಲ್ಲ.
ಸೂಜಿ ಕಣೇ, ಅಂದೆ.
ಕಣ್ಣಿಲ್ಲ ಅದಕ್ಕೆ.